ಶಾತ್ಲೆ–ಲೆ ಆಲ್: ಪ್ಯಾರಿಸ್‌ನ ನೆಲದಡಿಯ ನಿಲ್ದಾಣ – ಮುಖ್ಯಾಂಶಗಳು

ಮೊದಲು ನೆನಪಿಡಬೇಕಾದವು

• ಸ್ಥಳ: ಫ್ರಾನ್ಸ್‌ನ ರಾಜಧಾನಿ ಪ್ಯಾರಿಸ್. ಸೀನ್ ನದಿಯ ಬಲದಂಡೆಯಲ್ಲಿ, ನಗರದ 20 ಆಡಳಿತ ವಿಭಾಗಗಳ ಪೈಕಿ 1ನೆಯದರಲ್ಲಿದೆ.
• ಸಂಚಾರ ಆರಂಭ: 1977ರ ಡಿಸೆಂಬರ್ 9. ಉದ್ಘಾಟಿಸಿದವರು ಆಗಿನ ಅಧ್ಯಕ್ಷ ವಾಲೆರಿ ಜಿಸ್ಕಾರ್ ದೆಸ್ತೇಂ.
• ನಿಲ್ಲುವ ರೈಲುಗಳು: ಆರ್‌ಇಆರ್ ಜಾಲದ ಎ, ಬಿ ಮತ್ತು ಡಿ ಮಾರ್ಗಗಳು. ಒಟ್ಟು 7 ಹಳಿ, ಎಲ್ಲವೂ ನೆಲದಡಿಯಲ್ಲಿ ಅಕ್ಕಪಕ್ಕ.
• ಬಳಕೆ: ಕೆಲಸದ ದಿನಗಳಲ್ಲಿ ಸುಮಾರು 7.5 ಲಕ್ಷ ಜನ. ಜಗತ್ತಿನ ಅತಿ ದೊಡ್ಡ ನೆಲದಡಿಯ ನಿಲ್ದಾಣಗಳ ಸಾಲಿನಲ್ಲಿ ಇದರ ಹೆಸರು ಸದಾ ಬರುತ್ತದೆ.

ಒಂದು ಅಂಕದ ಪ್ರಶ್ನೆಗೆ ಇಷ್ಟು ಸಾಕು. ವಿವರಣಾತ್ಮಕ ಪತ್ರಿಕೆಗೆ ಸಾಲದು. ಈ ನಿಲ್ದಾಣದ ಇಸವಿಗಳನ್ನು ಬಿಡಿಬಿಡಿಯಾಗಿ ಉರು ಹೊಡೆದವರು ಪರೀಕ್ಷೆಯಲ್ಲಿ ಅವನ್ನು ಅದಲುಬದಲು ಮಾಡಿಬಿಡುತ್ತಾರೆ. ಎರಡು ಕಾರಣಗಳನ್ನು ಹಿಡಿದುಕೊಂಡರೆ ಇಸವಿಗಳು ತಾವಾಗಿ ಸಾಲಾಗಿ ನಿಲ್ಲುತ್ತವೆ. ಒಂದು, ಊರಿನ ನಟ್ಟನಡುವೆ ದೊಡ್ಡ ಮಾರುಕಟ್ಟೆಯೊಂದು ತೆರವಾಯಿತು. ಹಾಗಾಗಿ ಇಷ್ಟು ವಿಶಾಲವಾದ ನಿಲ್ದಾಣ ಸಾಧ್ಯವಾಯಿತು. ಎರಡು, ಉತ್ತರದ ಕಡೆಗೆ ಹೋಗುವ ಸುರಂಗದಲ್ಲಿ ಎರಡೇ ಹಳಿಗಳಿವೆ. ಎಷ್ಟೇ ವಿಶಾಲವಾದರೂ ನಿಲ್ದಾಣದ ಸಾಮರ್ಥ್ಯಕ್ಕೆ ಆ ಸುರಂಗವೇ ಎಲ್ಲೆ.

ಆರ್‌ಇಆರ್ ಮತ್ತು ಮೆಟ್ರೊ

ಆರ್‌ಇಆರ್ ಎಂಬುದು ಪ್ಯಾರಿಸ್ ಮತ್ತು ಅದರ ಹೊರವಲಯವನ್ನು ಜೋಡಿಸುವ ಪ್ರಾದೇಶಿಕ ವೇಗದ ರೈಲು ಜಾಲ. ಎ, ಬಿ, ಸಿ, ಡಿ, ಇ ಎಂಬ 5 ಮಾರ್ಗಗಳಿವೆ. ಹೊರವಲಯದಲ್ಲಿ ನೆಲದ ಮೇಲೆ ಓಡುವ ಉಪನಗರ ರೈಲು, ನಗರದೊಳಗೆ ಬರುತ್ತಲೇ ಸುರಂಗಕ್ಕಿಳಿದು, ಮಧ್ಯದಲ್ಲಿ ಕೆಲವೇ ಕಡೆ ನಿಂತು, ಇನ್ನೊಂದು ಬದಿಯ ಹೊರವಲಯಕ್ಕೆ ದಾಟುತ್ತದೆ. ಹಳೆಯ ವ್ಯವಸ್ಥೆಯಲ್ಲಿ ಉಪನಗರದ ರೈಲುಗಳು ನಗರದ ಅಂಚಿನ ಟರ್ಮಿನಲ್‌ಗಳಲ್ಲಿ ನಿಂತುಬಿಡುತ್ತಿದ್ದವು. ಅಲ್ಲಿಂದ ಮುಂದಕ್ಕೆ ಮೆಟ್ರೊ ಹಿಡಿಯಬೇಕಿತ್ತು.

ವ್ಯತ್ಯಾಸ ತಿಳಿಯಲು ಒಂದು ಲೆಕ್ಕ. ಎತ್ವಾಲ್‌ನಿಂದ ನಾಸ್ಯೋಂವರೆಗೆ ಮೆಟ್ರೊ 1ನೇ ಮಾರ್ಗದಲ್ಲಿ ಎರಡೂ ತುದಿ ಸೇರಿ 15 ನಿಲ್ದಾಣ. ಅವೇ ಎರಡು ಸ್ಥಳಗಳ ನಡುವೆ ಆರ್‌ಇಆರ್ ಎ ಮಾರ್ಗದಲ್ಲಿ 5: ಎತ್ವಾಲ್, ಒಬೆರ್, ಶಾತ್ಲೆ–ಲೆ ಆಲ್, ಗಾರ್ ದ ಲಿಯೋಂ, ನಾಸ್ಯೋಂ. ನಗರ ಸಾರಿಗೆಯ ಪ್ರಬಂಧದಲ್ಲಿ ಈ ಒಂದು ಉದಾಹರಣೆ ಕೊಟ್ಟರೆ ಅರ್ಧ ಪುಟದ ವಿವರಣೆ ಉಳಿಯುತ್ತದೆ.

ಯೋಜನೆಯ ಹಿನ್ನೆಲೆ: 1965ರಲ್ಲಿ ಪ್ಯಾರಿಸ್ ಪ್ರದೇಶದ ಮಹಾಯೋಜನೆ ಸಿದ್ಧವಾಯಿತು. ಅದರ ರೂವಾರಿ ಪೋಲ್ ದಲೂವ್ರಿಯೆ. ನಗರದ ಸುತ್ತ ಹೊಸ ಪಟ್ಟಣಗಳನ್ನು ಕಟ್ಟುವುದು, ಅವನ್ನು ವೇಗದ ರೈಲಿನಿಂದ ಹೆಣೆಯುವುದು ಅದರ ತಿರುಳು. ಕಟ್ಟಿದ ಹೊಸ ಪಟ್ಟಣಗಳು 5. ಅವುಗಳಲ್ಲಿ ಸೆರ್ಜಿ–ಪೋಂತ್ವಾಜ್ ಮತ್ತು ಮಾರ್ನ್–ಲಾ–ವಾಲೆ ಎರಡೂ ಎ ಮಾರ್ಗದ ಮೇಲಿವೆ. ರೈಲು ಮತ್ತು ವಸತಿಯನ್ನು ಒಂದೇ ನಕ್ಷೆಯಲ್ಲಿ ಯೋಚಿಸಿದ ಈ ಕ್ರಮ ನನ್ನ ದೃಷ್ಟಿಯಲ್ಲಿ ಇಡೀ ಅಧ್ಯಾಯದ ಅತಿ ಮುಖ್ಯ ಪಾಠ. ನಮ್ಮ ಪಠ್ಯಗಳಲ್ಲಿ ಅದಕ್ಕೆ ಸಿಗುವ ಜಾಗ ಬಹಳ ಕಡಿಮೆ.

ಮಾರುಕಟ್ಟೆ ಹೋಯಿತು, ನಿಲ್ದಾಣ ಬಂತು

ಲೆ ಆಲ್ ಎಂಬುದು ಪ್ಯಾರಿಸ್‌ನ ಕೇಂದ್ರ ಮಾರುಕಟ್ಟೆ. 12ನೇ ಶತಮಾನದಲ್ಲಿ, 6ನೇ ಲೂಯಿಯ ಕಾಲದಲ್ಲಿ, ಇಲ್ಲಿ ಸಂತೆ ಆರಂಭವಾಯಿತು. 1183ರಲ್ಲಿ ದೊರೆ ಫಿಲಿಪ್ ಆಗಸ್ಟಸ್ ಅಲ್ಲಿ ಮಾಡಿನ ಅಂಗಳಗಳನ್ನು ಕಟ್ಟಿಸಿದ. 19ನೇ ಶತಮಾನದಲ್ಲಿ, 3ನೇ ನೆಪೋಲಿಯನ್‌ನ ಆಳ್ವಿಕೆಯಲ್ಲಿ, ವಾಸ್ತುಶಿಲ್ಪಿ ವಿಕ್ತೋರ್ ಬಾಲ್ತಾರ್ ಕಬ್ಬಿಣ ಮತ್ತು ಗಾಜಿನ ಮಂಟಪಗಳ ಸಾಲನ್ನು ನಿರ್ಮಿಸಿದ. 1870ರ ವೇಳೆಗೆ 10 ಮಂಟಪಗಳು ಮುಗಿದಿದ್ದವು. ಉಳಿದ 2 ಸೇರಿದ್ದು 1936ರಲ್ಲಿ. ಎಮಿಲ್ ಝೋಲಾ 1873ರಲ್ಲಿ ಪ್ರಕಟಿಸಿದ ‘ಪ್ಯಾರಿಸ್‌ನ ಹೊಟ್ಟೆ’ ಕಾದಂಬರಿಯ ಭೂಮಿಕೆ ಇದೇ ಮಾರುಕಟ್ಟೆ. ಸಾಹಿತ್ಯ ಮತ್ತು ಇತಿಹಾಸವನ್ನು ಬೆಸೆಯುವ ಪ್ರಶ್ನೆಗಳಲ್ಲಿ ಇದು ಬರಬಹುದು.

20ನೇ ಶತಮಾನದ ಮಧ್ಯದ ಹೊತ್ತಿಗೆ ಇಕ್ಕಟ್ಟಾದ ಬೀದಿಗಳಿಗೆ ಲಾರಿಗಳು ನುಗ್ಗಿ, ಸಗಟು ವ್ಯಾಪಾರಕ್ಕೆ ಜಾಗ ಸಾಲದೆ, ನಗರದ ನಡುಭಾಗ ಕಟ್ಟಿಹೋಗುತ್ತಿತ್ತು. ಸಗಟು ಮಾರುಕಟ್ಟೆಯನ್ನು ದಕ್ಷಿಣದ ರಂಜಿಸ್‌ಗೆ, ಓರ್ಲಿ ವಿಮಾನ ನಿಲ್ದಾಣದ ಸಮೀಪಕ್ಕೆ, ಸಾಗಿಸಲಾಯಿತು. 1969ರ ಫೆಬ್ರವರಿ ಕೊನೆ ಮತ್ತು ಮಾರ್ಚ್ ಮೊದಲ ದಿನಗಳಲ್ಲಿ ನಡೆದ ಈ ಸ್ಥಳಾಂತರವನ್ನು ಪ್ಯಾರಿಸ್ಸಿಗರು ಶತಮಾನದ ಮನೆ ಬದಲಾವಣೆ ಎಂದೇ ಕರೆದರು.

1971ರಿಂದ ಬಾಲ್ತಾರ್ ಮಂಟಪಗಳನ್ನು ಕೆಡವತೊಡಗಿದರು. ಕಲಾವಿದರು, ಇತಿಹಾಸಕಾರರು, ಸುತ್ತಲಿನ ನಿವಾಸಿಗಳು ಪ್ರತಿಭಟಿಸಿದರೂ ಕೆಲಸ ನಿಲ್ಲಲಿಲ್ಲ. ಅಲ್ಲಿ ಅಗೆದ ಬೃಹತ್ ಗುಂಡಿ ವರ್ಷಗಟ್ಟಲೆ ಬಾಯಿ ತೆರೆದುಕೊಂಡೇ ಇತ್ತು. ನಿಲ್ದಾಣವನ್ನು ಕಟ್ಟಿದ್ದು ಅದೇ ಗುಂಡಿಯಲ್ಲಿ.

ಇಲ್ಲಿ ತಾಂತ್ರಿಕ ಅಂಶವೊಂದನ್ನು ಗಮನಿಸಿ. ಎ ಮಾರ್ಗದ ಒಬೆರ್ ನಿಲ್ದಾಣವನ್ನು ಮೇಲಿನ ಕಟ್ಟಡಗಳಿಗೆ ಧಕ್ಕೆಯಾಗದಂತೆ, ನೀರು ಒಸರುವ ಮಣ್ಣಿನಲ್ಲಿ, ಒಳಗಿನಿಂದಲೇ ಕೊರೆದು ಕಟ್ಟಬೇಕಾಯಿತು, ಖರ್ಚೂ ವಿಪರೀತವಾಯಿತು. ಲೆ ಆಲ್‌ನಲ್ಲಿ ಮೇಲೇನೂ ಉಳಿದಿರಲಿಲ್ಲವಾದ್ದರಿಂದ ಮೇಲಿನಿಂದ ಅಗೆದು, ಕಟ್ಟಿ, ಮುಚ್ಚಬಹುದಾಯಿತು. 7 ಹಳಿಗಳು ಒಂದೇ ಮಟ್ಟದಲ್ಲಿ ಅಕ್ಕಪಕ್ಕ ಮಲಗಲು ಸಾಧ್ಯವಾದದ್ದು ಈ ಕಾರಣದಿಂದ. ಪ್ಯಾರಿಸ್‌ನ ನಡುಮಧ್ಯದಲ್ಲಿ ಅಂಥ ಅವಕಾಶ ಮತ್ತೆಲ್ಲೂ ಸಿಗುತ್ತಿರಲಿಲ್ಲ.

ಬೆಲೆಯನ್ನೂ ಬರೆಯಬೇಕು. ಬಾಲ್ತಾರ್ ಮಂಟಪಗಳ ಪೈಕಿ 8ನೆಯದು ಮಾತ್ರ ನೊಜಾಂ–ಸ್ಯುರ್–ಮಾರ್ನ್ ಪಟ್ಟಣಕ್ಕೆ ಹೋಗಿ ಇಡಿಯಾಗಿ ಉಳಿದಿದೆ. ಆ ಪಟ್ಟಣವೂ ಎ ಮಾರ್ಗದ ಮೇಲೆಯೇ ಇದೆ. ಈ ನಷ್ಟದ ನೋವಿನಿಂದಲೇ 19ನೇ ಶತಮಾನದ ಕಬ್ಬಿಣದ ಕಟ್ಟಡಗಳನ್ನು ಉಳಿಸಬೇಕೆಂಬ ಎಚ್ಚರ ಫ್ರಾನ್ಸ್‌ನಲ್ಲಿ ಬಲವಾಯಿತು. ಕೆಡವುವ ಅಂಚಿನಲ್ಲಿದ್ದ ಓರ್ಸೆ ರೈಲು ನಿಲ್ದಾಣ ಉಳಿದು, 1986ರಲ್ಲಿ ಓರ್ಸೆ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಬಾಲ್ತಾರ್ ಮಂಟಪಗಳನ್ನು ಕೆಡವಿದ್ದು ತಪ್ಪು ಎಂದೇ ನಾನು ಭಾವಿಸುತ್ತೇನೆ. ಅವುಗಳಲ್ಲಿ ಇನ್ನೂ ಕೆಲವನ್ನಾದರೂ ಬೇರೆಡೆ ನಿಲ್ಲಿಸಬಹುದಿತ್ತು.

ಇದೇ ನೆಲದ ಇನ್ನೊಂದು ಸಂಗತಿ: ಮಾರುಕಟ್ಟೆಗೆ ತಾಗಿಕೊಂಡೇ ಇನ್ನೊಸೆಂಟ್ಸ್ ಸ್ಮಶಾನವಿತ್ತು. ಶತಮಾನಗಳ ಹೂಳಿಕೆಯಿಂದ ತುಂಬಿ ತುಳುಕಿ, 1780ರಲ್ಲಿ ಮುಚ್ಚಿತು. ಅಲ್ಲಿನ ಮೂಳೆಗಳನ್ನು ಹಳೆಯ ಕಲ್ಲುಗಣಿಗಳಿಗೆ ಸಾಗಿಸಿದರು. ಇಂದಿನ ಪ್ಯಾರಿಸ್ ಕ್ಯಾಟಕೂಂಬ್ಸ್ ಹುಟ್ಟಿದ್ದು ಹೀಗೆ. ಅದರ ಪ್ರವೇಶದ್ವಾರ ಇರುವ ದಾಂಫೆರ್–ರೊಶ್ರೊ, ಬಿ ಮಾರ್ಗದಲ್ಲಿ ಇಲ್ಲಿಂದ ದಕ್ಷಿಣಕ್ಕೆ 4ನೇ ನಿಲ್ದಾಣ.

ಮೂರು ಮಾರ್ಗಗಳ ಕೂಡು

ಎ ಮಾರ್ಗ: ಪೂರ್ವ–ಪಶ್ಚಿಮ. ಉದ್ದ ಸುಮಾರು 109 ಕಿ.ಮೀ., 46 ನಿಲ್ದಾಣ. ದಿನಕ್ಕೆ 10 ಲಕ್ಷಕ್ಕೂ ಹೆಚ್ಚು ಪ್ರಯಾಣ. ಯುರೋಪಿನ ಅತಿ ದಟ್ಟಣೆಯ ರೈಲು ಮಾರ್ಗಗಳಲ್ಲೊಂದು. ತುಂಡುತುಂಡಾಗಿ ತೆರೆದುಕೊಂಡಿತು ಎಂಬುದನ್ನು ಮರೆಯಬೇಡಿ. 1969ರ ಡಿಸೆಂಬರ್‌ನಲ್ಲಿ ನಾಸ್ಯೋಂ–ಬ್ವಾಸಿ ಸೇಂ ಲೇಜೆ, 1970ರಲ್ಲಿ ಎತ್ವಾಲ್–ಲಾ ದೆಫಾಂಸ್, 1971ರಲ್ಲಿ ಒಬೆರ್‌ವರೆಗೆ. ಒಬೆರ್ ಮತ್ತು ನಾಸ್ಯೋಂ ನಡುವಿನ ತುಂಡು 1977ರಲ್ಲಿ ಸೇರಿದಾಗಲೇ ಪೂರ್ವ ಪಶ್ಚಿಮ ಒಂದಾದವು. ಹೊಲಿಗೆ ಬಿದ್ದ ಜಾಗ ಶಾತ್ಲೆ–ಲೆ ಆಲ್. ಪೂರ್ವದಲ್ಲಿ ಇದು ಬಳಸಿಕೊಂಡದ್ದು 1859ರ ವ್ಯಾಂಸೆನ್ ರೈಲು ಮಾರ್ಗವನ್ನು. ಆ ಹಳೆಯ ಮಾರ್ಗದ ಬ್ಯಾಸ್ಟಿಲ್ ಟರ್ಮಿನಲ್ 1969ರಲ್ಲಿ ಮುಚ್ಚಿತು. 1989ರಲ್ಲಿ ತೆರೆದ ಬ್ಯಾಸ್ಟಿಲ್ ಒಪೆರಾ ನಿಂತಿರುವುದು ಆ ಜಾಗದಲ್ಲಿ. 1992ರಲ್ಲಿ ಮಾರ್ಗದ ಪೂರ್ವ ತುದಿ ಡಿಸ್ನಿಲ್ಯಾಂಡ್‌ವರೆಗೆ ಬೆಳೆಯಿತು.

ಬಿ ಮಾರ್ಗ: ಉತ್ತರ–ದಕ್ಷಿಣ. ದಕ್ಷಿಣ ಭಾಗದ ಬೇರು 1846ರ ಸೋ ಮಾರ್ಗದಲ್ಲಿದೆ. ಅದರ ಮೂಲ ಹಳಿಯ ಅಗಲ 1.75 ಮೀಟರ್; 1891ರಲ್ಲಿ 1,435 ಮಿ.ಮೀ.ನ ಸ್ಟ್ಯಾಂಡರ್ಡ್ ಗೇಜ್‌ಗೆ ತಂದರು. 1895ರಲ್ಲಿ ಅದು ಲುಕ್ಸಂಬೂರ್ ನಿಲ್ದಾಣದವರೆಗೆ ಬಂದು, 82 ವರ್ಷ ಅಲ್ಲೇ ನಿಂತಿತ್ತು. 1977ರಲ್ಲಿ ಸೀನ್ ನದಿಯ ಅಡಿಯಿಂದ ಶಾತ್ಲೆ–ಲೆ ಆಲ್‌ಗೆ, 1981ರಲ್ಲಿ ಗಾರ್ ದ್ಯು ನೋರ್‌ಗೆ ತಲುಪಿತು. ಉತ್ತರದ ಉಪನಗರಗಳ ರೈಲುಗಳು ನೇರವಾಗಿ ದಕ್ಷಿಣಕ್ಕೆ ಹಾಯತೊಡಗಿದ್ದು 1983ರಲ್ಲಿ. ಶಾರ್ಲ್ ದ ಗೋಲ್ ವಿಮಾನ ನಿಲ್ದಾಣಕ್ಕೆ ಹೋಗುವ ರೈಲು ಇದೇ.

ಡಿ ಮಾರ್ಗ: ಉತ್ತರದಿಂದ ಆಗ್ನೇಯಕ್ಕೆ. 1987ರಲ್ಲಿ ಉತ್ತರದ ಕಡೆಯಿಂದ ಇಲ್ಲಿಗೆ ಬಂದು ಕೊನೆಗೊಳ್ಳುತ್ತಿತ್ತು. 1995ರಲ್ಲಿ ಗಾರ್ ದ ಲಿಯೋಂ ಕಡೆಗೆ ಪ್ರತ್ಯೇಕ ಸುರಂಗ ತೆರೆದಾಗ ಮುಂದೆ ಸಾಗಿತು.

ನಿರ್ವಹಣೆ: ಬಿ ಮಾರ್ಗದ ದಕ್ಷಿಣ ಭಾಗ ಮತ್ತು ಎ ಮಾರ್ಗದ ಬಹುಪಾಲು ಪ್ಯಾರಿಸ್‌ನ ಸಾರಿಗೆ ಸಂಸ್ಥೆಯಾದ ಆರ್‌ಎಟಿಪಿಯದು. ಬಿ ಮಾರ್ಗದ ಉತ್ತರ ಭಾಗ, ಎ ಮಾರ್ಗದ ಸೆರ್ಜಿ ಹಾಗೂ ಪ್ವಾಸಿ ಕವಲುಗಳು, ಡಿ ಮಾರ್ಗ ಪೂರ್ತಿ ರಾಷ್ಟ್ರೀಯ ರೈಲ್ವೆಯಾದ ಎಸ್‌ಎನ್‌ಸಿಎಫ್‌ನದು. ಇಡೀ ಪ್ರದೇಶದ ಸಾರಿಗೆ ಪ್ರಾಧಿಕಾರ ಇಲ್–ದ–ಫ್ರಾನ್ಸ್ ಮೊಬಿಲಿತೆ.

ಎರಡು ಹಳಿಯ ಸುರಂಗ

ಎಷ್ಟೋ ಟಿಪ್ಪಣಿಗಳು ಈ ಅಂಶವನ್ನು ಒಂದು ಸಾಲಿನಲ್ಲಿ ಮುಗಿಸುತ್ತವೆ. ಎರಡು ನಿಮಿಷ ಇಲ್ಲಿ ನಿಲ್ಲಿ.

ಶಾತ್ಲೆ–ಲೆ ಆಲ್ ಮತ್ತು ಗಾರ್ ದ್ಯು ನೋರ್ ನಡುವಿನ ಸುರಂಗವನ್ನು ಬಿ ಮತ್ತು ಡಿ ಮಾರ್ಗಗಳೆರಡೂ ಹಂಚಿಕೊಳ್ಳುತ್ತವೆ. ಹೋಗಲು ಒಂದು ಹಳಿ, ಬರಲು ಒಂದು ಹಳಿ. ದಟ್ಟಣೆಯ ಹೊತ್ತಿನಲ್ಲಿ ಒಂದೊಂದು ದಿಕ್ಕಿಗೆ ಗಂಟೆಗೆ 32 ರೈಲುಗಳು: ಬಿ ಮಾರ್ಗದವು 20, ಡಿ ಮಾರ್ಗದವು 12. ಎಂದರೆ ಸರಾಸರಿ 2 ನಿಮಿಷಕ್ಕಿಂತ ಕಡಿಮೆ ಅಂತರ. ಡಿ ಮಾರ್ಗದ ದೂರದ ತುದಿಯಲ್ಲಿ ಒಂದು ರೈಲು ತಡವಾದರೆ, ಅದು ಈ ಸುರಂಗದ ಬಾಯಿಗೆ ತನ್ನ ಸರದಿ ತಪ್ಪಿ ಬರುತ್ತದೆ. ಬಿ ಮಾರ್ಗದ ರೈಲು ಕಾಯುತ್ತದೆ. ಆ ಕಾಯುವಿಕೆ ವಿಮಾನ ನಿಲ್ದಾಣದ ಕವಲಿನವರೆಗೂ ಹಿಂದಕ್ಕೆ ಹರಡುತ್ತದೆ. ನಿಲ್ದಾಣದಲ್ಲಿ 7 ಹಳಿಗಳಿದ್ದೂ, ಉತ್ತರದ ಕಡೆ ಅಷ್ಟೂ ರೈಲುಗಳು ಎರಡು ಹಳಿಗೆ ಇಳಿಯಬೇಕು.

ಸುರಂಗವನ್ನು ನಾಲ್ಕು ಹಳಿಗೆ ಹೆಚ್ಚಿಸುವ ಪ್ರಸ್ತಾಪವನ್ನು ಅಧ್ಯಯನ ಮಾಡಿದ್ದಾರೆ, ಕೈಗೆತ್ತಿಕೊಂಡಿಲ್ಲ. ತುಂಬಿದ ನಗರದ ಕೆಳಗೆ, ಓಡುತ್ತಿರುವ ರೈಲುಗಳ ಪಕ್ಕ ಅಗೆಯುವ ಕೆಲಸ ಅತಿ ದುಬಾರಿ, ಅತಿ ಕಷ್ಟ. ಅದರ ಬದಲು ನೆಕ್ಸ್‌ಟಿಯೊ ಎಂಬ ಹೊಸ ಸ್ವಯಂಚಾಲಿತ ಸಿಗ್ನಲ್ ವ್ಯವಸ್ಥೆಯನ್ನು ತರಲು ನಿರ್ಧರಿಸಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಮೂಲಸೌಕರ್ಯದ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ: ಜಾಲದ ಸಾಮರ್ಥ್ಯವನ್ನು ನಿಗದಿ ಮಾಡುವುದು ಅದರ ಅತಿ ಕಿರಿದಾದ ತುಣುಕು.

ಎ ಮಾರ್ಗಕ್ಕೆ ಈ ತೊಡಕಿಲ್ಲ. ಅದರ ಹಳಿಗಳು ಅದಕ್ಕೇ ಮೀಸಲು. ಅಲ್ಲಿನ ಸಮಸ್ಯೆ ಜನರ ಒತ್ತಡ. ಅದಕ್ಕೆ ಎರಡು ಪರಿಹಾರಗಳನ್ನು ಕಂಡುಕೊಂಡರು. 1989ರಲ್ಲಿ ಸಾಸೆಮ್ ಎಂಬ ಸಿಗ್ನಲ್ ವ್ಯವಸ್ಥೆ ಬಂತು. ಒಂದು ರೈಲು ಪ್ಲಾಟ್‌ಫಾರಂ ಬಿಡುತ್ತಿರುವಾಗಲೇ ಹಿಂದಿನದು ಒಳಬರಲು ಅದು ಅವಕಾಶ ಮಾಡಿಕೊಟ್ಟಿತು. ಗಂಟೆಗೆ 24 ಇದ್ದ ರೈಲುಗಳ ಮಿತಿ 30ಕ್ಕೆ ಏರಿತು. ಎರಡನೆಯದು ಎರಡಂತಸ್ತಿನ ಬೋಗಿಗಳು. 2017ರ ಹೊತ್ತಿಗೆ ಎ ಮಾರ್ಗದ ಎಲ್ಲ ರೈಲುಗಳೂ ಎರಡಂತಸ್ತಿನವಾದವು. ಎಂಐ 09 ಮಾದರಿಯ ಎರಡು ಘಟಕ ಜೋಡಿಸಿದ ರೈಲಿನ ಉದ್ದ ಸುಮಾರು 224 ಮೀಟರ್, ಹೊರುವುದು ಸುಮಾರು 2,600 ಜನರನ್ನು.

ಕಂಪ್ಯೂಟರ್ ವಿಜ್ಞಾನದ ಅಭ್ಯರ್ಥಿಗಳಿಗೆ: ತಂತ್ರಾಂಶ ಸರಿಯಿದೆಯೆಂದು ಗಣಿತದ ವಿಧಾನದಿಂದ ಸಾಧಿಸುವ ಕ್ರಮವನ್ನು ರೈಲ್ವೆ ಸುರಕ್ಷತೆಗೆ ಬಳಸಿದ ಆರಂಭದ ಉದಾಹರಣೆಗಳಲ್ಲಿ ಸಾಸೆಮ್ ಒಂದು. ಇದೇ ದಾರಿಯಲ್ಲಿ ಮುಂದೆ, ಝಾಂ–ರೇಮೋ ಅಬ್ರಿಯಾಲ್ ರೂಪಿಸಿದ ಬಿ ವಿಧಾನವನ್ನು ಮೆಟ್ರೊ 14ನೇ ಮಾರ್ಗದ ತಂತ್ರಾಂಶಕ್ಕೆ ಬಳಸಲಾಯಿತು. ಬಿ ವಿಧಾನಕ್ಕೂ ಬಿ ಮಾರ್ಗಕ್ಕೂ ಸಂಬಂಧವಿಲ್ಲ.

ವಿದ್ಯುತ್ ಮತ್ತು ಓಡುವ ಬದಿ

• ನಿಲ್ದಾಣದ ಭಾಗದಲ್ಲಿ ಆರ್‌ಇಆರ್‌ಗೆ 1,500 ವೋಲ್ಟ್ ಏಕಮುಖ ವಿದ್ಯುತ್, ಮೇಲಿನ ತಂತಿಯಿಂದ.
• ಗಾರ್ ದ್ಯು ನೋರ್‌ನಿಂದ ಆಚೆ ಉತ್ತರಕ್ಕೆ 25,000 ವೋಲ್ಟ್ ಪರ್ಯಾಯ ವಿದ್ಯುತ್. ಆದ್ದರಿಂದ ಬಿ ಮತ್ತು ಡಿ ರೈಲುಗಳು ಎರಡರಲ್ಲೂ ಓಡಬಲ್ಲವು.
• ಮೆಟ್ರೊಗೆ 750 ವೋಲ್ಟ್ ಏಕಮುಖ ವಿದ್ಯುತ್, ಮೂರನೇ ಹಳಿಯಿಂದ.
• ಆರ್‌ಇಆರ್ ಎಡಬದಿಯಲ್ಲಿ, ಮೆಟ್ರೊ ಬಲಬದಿಯಲ್ಲಿ ಓಡುತ್ತವೆ. ಫ್ರಾನ್ಸ್‌ನ ರೈಲ್ವೆ ಮೊದಲಿನಿಂದ ಎಡಕ್ಕೆ.

ಪಕ್ಕದ ಮೆಟ್ರೊ

ಆರ್‌ಇಆರ್ ನಿಲ್ದಾಣದ ಒಂದು ತುದಿ ಲೆ ಆಲ್ ಮೆಟ್ರೊಗೆ, ಇನ್ನೊಂದು ತುದಿ ಶಾತ್ಲೆ ಮೆಟ್ರೊಗೆ ಕೂಡಿಕೊಂಡಿದೆ. ನಡುವಿನ ಉದ್ದನೆಯ ಹಾದಿಗಳಲ್ಲಿ ಚಲಿಸುವ ಪಟ್ಟಿಗಳೂ ಇವೆ. ಶಾತ್ಲೆಯಲ್ಲಿ ಸಿಗುವ ಮೆಟ್ರೊ ಮಾರ್ಗಗಳು 1, 4, 7, 11 ಮತ್ತು 14. ಲೆ ಆಲ್‌ನಲ್ಲಿ 4 ಮಾತ್ರ. ಈ ಐದರಲ್ಲಿ 1, 4, 14 ಚಾಲಕರಹಿತ. 14 ಹುಟ್ಟಿನಿಂದಲೇ, ಅಂದರೆ 1998ರಿಂದ, ಹಾಗೆ. ಉಳಿದೆರಡನ್ನು ಆಮೇಲೆ ಪರಿವರ್ತಿಸಿದರು.

ಪ್ಯಾರಿಸ್ ಮೆಟ್ರೊ ಆರಂಭವಾದದ್ದು 1900ರ ಜುಲೈ 19ರಂದು, 1ನೇ ಮಾರ್ಗದಿಂದ. ಶಾತ್ಲೆ ಮೆಟ್ರೊ ನಿಲ್ದಾಣ ತೆರೆದದ್ದು ಅದೇ ವರ್ಷದ ಆಗಸ್ಟ್‌ನಲ್ಲಿ. ಮೆಟ್ರೊ ನಿರ್ಮಾಣದ ಮುಖ್ಯ ಎಂಜಿನಿಯರ್ ಫ್ಯುಲ್‌ಜಾನ್ಸ್ ಬಿಯಾಂವೆನ್ಯು.

ಪ್ರಚಲಿತ ವಿದ್ಯಮಾನಕ್ಕೆ: ಒಲಿಂಪಿಕ್ಸ್‌ಗೆ ಒಂದು ತಿಂಗಳ ಮೊದಲು, 2024ರ ಜೂನ್ 24ರಂದು, 14ನೇ ಮಾರ್ಗ ಉತ್ತರದಲ್ಲಿ ಸೇಂ ದೆನಿ–ಪ್ಲೆಯೆಲ್, ದಕ್ಷಿಣದಲ್ಲಿ ಓರ್ಲಿ ವಿಮಾನ ನಿಲ್ದಾಣ ತಲುಪಿತು. ಅಂದಿನಿಂದ ಶಾತ್ಲೆಯಲ್ಲಿ ನಿಂತವರಿಗೆ ಎರಡೂ ದೊಡ್ಡ ವಿಮಾನ ನಿಲ್ದಾಣಗಳಿಗೆ ರೈಲು ಬದಲಿಸದೆ ಹೋಗುವ ಸೌಲಭ್ಯವಿದೆ: ಓರ್ಲಿಗೆ 14, ಶಾರ್ಲ್ ದ ಗೋಲ್‌ಗೆ ಬಿ.

ನೆಲದ ಮೇಲೆ

ಗುಂಡಿಯ ಮೇಲ್ಭಾಗದಲ್ಲಿ 1979ರ ಸೆಪ್ಟೆಂಬರ್‌ನಲ್ಲಿ ಫೋರಂ ದೆಸ್ ಆಲ್ ಎಂಬ ವಾಣಿಜ್ಯ ಸಂಕೀರ್ಣ ತೆರೆಯಿತು. ವಾಸ್ತುಶಿಲ್ಪಿಗಳು ಕ್ಲೋದ್ ವಾಸ್ಕೊನಿ ಮತ್ತು ಜೋರ್ಜ್ ಪಾಂಕ್ರೆಯಾಕ್. 2016ರ ಏಪ್ರಿಲ್‌ನಲ್ಲಿ ಅದರ ಮೇಲೆ ಉಕ್ಕು ಮತ್ತು ಗಾಜಿನ ದೊಡ್ಡ ಚಾವಣಿ, ಕಾನೊಪೆ, ಬಂತು. ವಿನ್ಯಾಸ ಪಾತ್ರಿಕ್ ಬೆರ್ಜೆ ಮತ್ತು ಜಾಕ್ ಆಂಜ್ಯುತಿ ಅವರದು. ಜತೆಯಲ್ಲೇ ನಿಲ್ದಾಣದ ಒಳಾಂಗಣವನ್ನು ನವೀಕರಿಸಿ, ಪ್ಲಾಸ್ ಮಾರ್ಗರಿತ್ ದ ನವಾರ್ ಕಡೆಯಿಂದ ಹೊಸ ಪ್ರವೇಶದ್ವಾರ ತೆರೆದರು.

ಟಿಕೆಟ್

1975ರಲ್ಲಿ ಬಂದ ಕಾರ್ತ್ ಓರಾಂಜ್ ಪಾಸ್, ಬಸ್ಸು, ಮೆಟ್ರೊ, ಉಪನಗರ ರೈಲುಗಳಿಗೆ ಒಂದೇ ಆಗಿತ್ತು. ಎರಡು ವರ್ಷಗಳ ನಂತರ ಈ ನಿಲ್ದಾಣ ತೆರೆದಾಗ ಜನರ ಕೈಯಲ್ಲಿ ಆ ಪಾಸ್ ಇತ್ತು ಎಂಬುದು ಸಣ್ಣ ಮಾತಲ್ಲ. ಹಳಿಗಳನ್ನು ಕೂಡಿಸಿ ದರಗಳನ್ನು ಬೇರೆಬೇರೆಯಾಗಿ ಇಟ್ಟಿದ್ದರೆ ಜನ ಅರ್ಧ ದಾರಿಯಲ್ಲೇ ಇಳಿಯುತ್ತಿದ್ದರು. ಈಗಿನ ಕಾರ್ಡ್‌ನ ಹೆಸರು ನವಿಗೊ. 2025ರ ಜನವರಿ 1ರಿಂದ ಬಿಡಿ ಟಿಕೆಟ್ ದರ ಸರಳವಾಯಿತು: ರೈಲು ಮತ್ತು ಮೆಟ್ರೊಗೆ ಎಲ್ಲಿಂದ ಎಲ್ಲಿಗಾದರೂ 2.50 ಯೂರೊ, ವಿಮಾನ ನಿಲ್ದಾಣಕ್ಕೆ 13 ಯೂರೊ ಎಂದು ನಿಗದಿಯಾಯಿತು.

ಗೊಂದಲವಾಗುವ ಕಡೆಗಳು

ಶಾತ್ಲೆ, ಲೆ ಆಲ್, ಶಾತ್ಲೆ–ಲೆ ಆಲ್ ಎಂಬವು ಮೂರು ಹೆಸರುಗಳು, ಒಂದಕ್ಕೊಂದು ಕೂಡಿಕೊಂಡ ಮೂರು ನಿಲ್ದಾಣಗಳು. ಮೊದಲೆರಡು ಮೆಟ್ರೊದವು, ಮೂರನೆಯದು ಆರ್‌ಇಆರ್‌ನದು.

ಆರ್‌ಇಆರ್ ಸಿ ಮತ್ತು ಇ ಇಲ್ಲಿಗೆ ಬರುವುದಿಲ್ಲ. 1999ರಲ್ಲಿ ಆರಂಭವಾದ ಇ ಮಾರ್ಗ 2024ರ ಮೇನಲ್ಲಿ ಪಶ್ಚಿಮದ ನಾಂತೆರ್‌ವರೆಗೆ ಬೆಳೆದದ್ದು ಎ ಮಾರ್ಗದ ಒತ್ತಡ ತಗ್ಗಿಸುವುದಕ್ಕಾಗಿ.

ಗಾರ್ ದ್ಯು ನೋರ್ ದೂರದ ರೈಲುಗಳೂ ಬರುವ ಟರ್ಮಿನಲ್. ಲಂಡನ್‌ಗೆ ಹೋಗುವ ರೈಲು ಹೊರಡುವುದು ಅಲ್ಲಿಂದ. ಶಾತ್ಲೆ–ಲೆ ಆಲ್‌ನಲ್ಲಿ ದೂರದ ರೈಲು ಒಂದೂ ಇಲ್ಲ.

ಭಾರತದಲ್ಲಿ ಆರ್‌ಇಆರ್‌ಗೆ ಹತ್ತಿರದ್ದು ಯಾವುದು ಎಂದು ಕೇಳಿದರೆ ದೆಹಲಿ ಮೆಟ್ರೊ ಎಂದು ಬರೆಯಬೇಡಿ. ದೆಹಲಿ–ಗಾಜಿಯಾಬಾದ್–ಮೀರಠ್ ನಡುವಿನ ‘ನಮೋ ಭಾರತ್’ ಪ್ರಾದೇಶಿಕ ವೇಗದ ರೈಲು ಸರಿಯಾದ ಉತ್ತರ. ಅದರ ಮೊದಲ ಭಾಗ ಸಾಹಿಬಾಬಾದ್–ದುಹಾಯಿ ನಡುವೆ 2023ರ ಅಕ್ಟೋಬರ್ 20ರಂದು ಆರಂಭವಾಯಿತು. 2025ರ ಜನವರಿ 5ರಂದು ದೆಹಲಿಯೊಳಗಿನ ಆನಂದ ವಿಹಾರದ ನೆಲದಡಿಯ ನಿಲ್ದಾಣ ತೆರೆಯಿತು. ಬೆಂಗಳೂರಿನಲ್ಲಾದರೆ ಉಪನಗರ ರೈಲು ಯೋಜನೆ: 2022ರ ಜೂನ್ 20ರಂದು ಶಂಕುಸ್ಥಾಪನೆ, ಅನುಷ್ಠಾನ ಕೆ–ರೈಡ್ ಸಂಸ್ಥೆಯದು, ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂಬ 4 ಕಾರಿಡಾರ್‌ಗಳು. ಮೆಜೆಸ್ಟಿಕ್‌ನ ನೆಲದಡಿಯ ನಾಡಪ್ರಭು ಕೆಂಪೇಗೌಡ ನಿಲ್ದಾಣ ನೇರಳೆ ಮತ್ತು ಹಸಿರು ಮಾರ್ಗಗಳು ಸಂಧಿಸುವ ಮೆಟ್ರೊ ನಿಲ್ದಾಣ. ಅದನ್ನು ಹೋಲಿಸಬೇಕಾದದ್ದು ಶಾತ್ಲೆ ಮೆಟ್ರೊ ಜತೆ.